ದೂರವನ್ನಲ್ಲ, ಪಿಕ್ಸೆಲ್ ಅಳೆಯಿರಿ

2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ಭೂಮಿಯ ಎತ್ತರಗಳು ಈಗ ಎಲ್ಲರಿಗೂ ಪುಕ್ಕಟೆ ಸಿಗುತ್ತವೆ. ಸುಮಾರು 30 ಮೀಟರಿಗೊಂದು ಬಿಂದು. ಈ ಬಿಂದುಗಳನ್ನು ತ್ರಿಕೋನಗಳಾಗಿ ಜೋಡಿಸಿ ಕಂಪ್ಯೂಟರ್ ಪರದೆಯ ಮೇಲೆ ನೆಲ ಮೂಡಿಸುವುದು ನಮ್ಮ ಕೆಲಸ. ಒಂದು ಡಿಗ್ರಿಯ ಚೌಕದಲ್ಲಿ ಉದ್ದಗಲಕ್ಕೆ 3601 ಬಿಂದುಗಳಿದ್ದು, ಎಲ್ಲವನ್ನೂ ಜೋಡಿಸಿದರೆ 2.6 ಕೋಟಿಯಷ್ಟು ತ್ರಿಕೋನಗಳಾಗುತ್ತವೆ. ಸಾಮಾನ್ಯ ಎಚ್‌ಡಿ ಪರದೆಯಲ್ಲಿರುವುದೋ ಇಪ್ಪತ್ತು ಲಕ್ಷ ಚಿಲ್ಲರೆ ಪಿಕ್ಸೆಲ್.

ಆದ್ದರಿಂದ ನೆಲವನ್ನು ತುಂಡು ಮಾಡಿ, ಪ್ರತಿ ತುಂಡನ್ನೂ ಮತ್ತೆ ನಾಲ್ಕಾಗಿ ಒಡೆಯುತ್ತ ಹೋಗುತ್ತೇವೆ. ಒಡೆಯದೆ ಬಿಟ್ಟ ತುಂಡು ಕಡಿಮೆ ತ್ರಿಕೋನಗಳ ಒರಟು ನೆಲ, ಒಡೆದಷ್ಟೂ ಸೂಕ್ಷ್ಮ. ಯಾವ ತುಂಡನ್ನು ಎಲ್ಲಿಯವರೆಗೆ ಒಡೆಯಬೇಕು ಎನ್ನುವುದೇ ಪ್ರಶ್ನೆ. 'ಸರ್, ತುಂಡು ನೋಡುವವರಿಂದ ಎಷ್ಟು ದೂರವಿದೆ ಎಂದು ನೋಡಿ ನಿರ್ಧರಿಸಿದರೆ ಸಾಲದೇ?' ಎಂದು ಪುಣೆಯ ನಮ್ಮ ಕಚೇರಿಗೆ ಧಾರವಾಡದಿಂದ ಬಂದ ಹುಡುಗ ಕೇಳಿದ. ಅವನ ಊರಿನ ಎರೆಭೂಮಿಗೆ ಸಾಕು. ಇಲ್ಲಿನ ಸಹ್ಯಾದ್ರಿಗೆ ಸಾಲದು. ಲಾವಾ ಪದರಗಳಿಂದಾದ ಈ ಬೆಟ್ಟಗಳ ನೆತ್ತಿ ಬಹುಪಾಲು ಚಪ್ಪಟೆ, ಪಕ್ಕಗಳು ಕಡಿದು. ದೂರವನ್ನೇ ನಂಬಿದರೆ ಚಪ್ಪಟೆ ನೆತ್ತಿಗೆ ತ್ರಿಕೋನಗಳು ದಂಡವಾಗುತ್ತವೆ, ಆಕಾಶದೆದುರು ಎದ್ದು ಕಾಣುವ ಸಿಂಹಗಡದ ಅಂಚು ಸವೆದ ಸೋಪಿನಂತಾಗುತ್ತದೆ.

ನಾನು ಅಳೆಯುವುದು ಪರದೆಯ ಮೇಲಿನ ತಪ್ಪನ್ನು. ಒರಟು ತುಂಡಿಗೂ ಮೂಲ ನೆಲಕ್ಕೂ ಎತ್ತರದಲ್ಲಿ ಗರಿಷ್ಠ ಎಷ್ಟು ಮೀಟರ್ ವ್ಯತ್ಯಾಸವಿದೆ ಎಂದು ಮೊದಲೇ ಲೆಕ್ಕ ಹಾಕಿ ಬರೆದಿಡಬೇಕು. 1080 ಸಾಲಿನ ಪರದೆ, ಮೇಲಿನಿಂದ ಕೆಳಕ್ಕೆ 60 ಡಿಗ್ರಿಯಷ್ಟು ಕಾಣುವ ನೋಟವಿದ್ದರೆ ಆ ಮೀಟರನ್ನು 935ರಿಂದ ಗುಣಿಸಿ, ದೂರದಿಂದ ಭಾಗಿಸಿದರೆ ಪಿಕ್ಸೆಲ್ ಸಿಗುತ್ತದೆ. 10 ಮೀಟರಿನ ತಪ್ಪು 10 ಕಿಲೋಮೀಟರಿನಲ್ಲಿ ಒಂದು ಪಿಕ್ಸೆಲ್ಲಿಗಿಂತ ಕಡಿಮೆ, ಯಾರ ಕಣ್ಣಿಗೂ ಬೀಳದು. ಎರಡು ಕಿಲೋಮೀಟರಿನಲ್ಲಿ ಅದೇ ತಪ್ಪು ಐದು ಪಿಕ್ಸೆಲ್ಲಿನ ಹತ್ತಿರ ಬರುತ್ತದೆ, ಆಗ ಒಡೆಯಲೇಬೇಕು. ದೂರವನ್ನು ತುಂಡಿನ ನಡುವಿನಿಂದಲ್ಲ, ನಮಗೆ ಅತಿ ಸಮೀಪದ ಬಿಂದುವಿನಿಂದ ಹಿಡಿಯಿರಿ. ಇನ್ನೊಂದು ಮಾತು: ದೊಡ್ಡ ತುಂಡಿನ ತಪ್ಪು ಅದರ ಮರಿ ತುಂಡುಗಳ ತಪ್ಪಿಗಿಂತ ಕಡಿಮೆ ಇರಕೂಡದು. ಇದ್ದರೆ ಒಡೆಯಬೇಕಾದ ಮರಿಯವರೆಗೆ ಲೆಕ್ಕ ಇಳಿಯುವುದೇ ಇಲ್ಲ.

1997ರ ರೋಮ್ (ROAM) ಎಂಬ ವಿಧಾನ ಒಂದೊಂದು ತ್ರಿಕೋನವನ್ನೂ ಹೀಗೆ ತೂಗುತ್ತಿತ್ತು. ಇಂದಿನ ಗ್ರಾಫಿಕ್ಸ್ ಕಾರ್ಡಿನ ಮುಂದೆ ಅಷ್ಟು ಜಿಪುಣತನ ಬೇಕಿಲ್ಲ, ಇಡೀ ತುಂಡಿಗೊಂದು ನಿರ್ಧಾರ ಸಾಕು. 2004ರ ಜಿಯೊಮೆಟ್ರಿ ಕ್ಲಿಪ್‌ಮ್ಯಾಪ್ ಎಂಬ ಇನ್ನೊಂದು ವಿಧಾನ ದೂರವನ್ನಷ್ಟೇ ನೋಡುತ್ತದೆ. ಸರಳ, ವೇಗದ ವಿಧಾನ ನಿಜ, ಆದರೂ ಘಟ್ಟಕ್ಕೆ ನನ್ನ ಆಯ್ಕೆ ಅದಲ್ಲ.

ಒರಟು ತುಂಡು ಸೂಕ್ಷ್ಮ ತುಂಡಿಗೆ ತಾಗುವ ಕಡೆ ಬಿರುಕು ಬಿಡುತ್ತದೆ. ಸೂಕ್ಷ್ಮ ಅಂಚಿನ ನಡುವೆ ಇರುವ ಬಿಂದು ಒರಟು ಅಂಚಿನಲ್ಲಿಲ್ಲ; ಆ ಸಂದಿಯಲ್ಲಿ ಆಕಾಶದ ನೀಲಿ ಮಿಣುಕುತ್ತದೆ. ಪ್ರತಿ ತುಂಡಿನ ಅಂಚಿನಿಂದ ಕೆಳಕ್ಕೊಂದು ಪಟ್ಟಿ ಇಳಿಬಿಟ್ಟರೆ ಸಂದಿ ಮುಚ್ಚುತ್ತದೆ. ಶುದ್ಧ ಗಣಿತದವರಿಗೆ ಇದು ಹಿಡಿಸದು, ನನಗೆ ಅಡ್ಡಿಯಿಲ್ಲ. ತುಂಡು ಒರಟಿನಿಂದ ಸೂಕ್ಷ್ಮಕ್ಕೆ ಬದಲಾಗುವಾಗ ಬೆಟ್ಟ ಜಿಗಿದಂತೆ ಕಾಣದಿರಲು ಬಿಂದುಗಳನ್ನು ಹಳೆಯ ಎತ್ತರದಿಂದ ಹೊಸದಕ್ಕೆ ನಿಧಾನವಾಗಿ ಸರಿಸಬೇಕು.

ಇಷ್ಟಾದರೂ ಹರಿಶ್ಚಂದ್ರಗಡದ ಕೊಂಕಣಕಡಾ ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಆ ಬಂಡೆಗೋಡೆ ಒಳಕ್ಕೆ ಬಾಗಿದೆ. ಎತ್ತರದ ನಕ್ಷೆಯಲ್ಲಿ ಒಂದು ಬಿಂದುವಿಗೆ ಒಂದೇ ಎತ್ತರ. ಆ ಗೋಡೆಯನ್ನು ಬೇರೆಯೇ ಮೆಶ್, ಅಂದರೆ ತ್ರಿಕೋನಗಳ ಬಲೆ, ಆಗಿ ಕಟ್ಟಿ ಕೂರಿಸಬೇಕು.