ಪದ ಪರಿಚಯ: ಅಕೌಸ್ಟಿಕ್ ಸ್ಟಾರ್ಟಲ್, ಅಂದ್ರೆ ಬೀಗದಕೈ ಗೊಂಚಲು ಅಲ್ಲಾಡಿಸಿದ್ರೆ ಪತಂಗ ಯಾಕೆ ಬೀಳತ್ತೆ

ಹಾರೋ ಹುಳನ ಬರೀ ಸದ್ದಿಂದ ಕೆಳಗೆ ಬೀಳಿಸೋ ಯಂತ್ರ ಇದೆ ಅಂದ್ರೆ ಯಾರೂ ತಕ್ಷಣ ನಂಬಲ್ಲ, ಆದ್ರೆ ಅದು ನಿಜ, ಅಷ್ಟೇ ಅಲ್ಲ ಅದರ ಅತಿ ಸರಳವಾದ ಮಾಡೆಲ್ ಈಗ ನಿಮ್ಮ ಜೇಬಲ್ಲೇ ಇರತ್ತೆ. ನಾಲ್ಕೈದು ಕೀ ಇರೋ ಬೀಗದಕೈ ಗೊಂಚಲು. ರಾತ್ರಿ ಹಿತ್ತಿಲ ಕಡೆ ಮಂಕು ಬಲ್ಬ್ ಇರೋ ಜಾಗದಲ್ಲಿ ಪತಂಗ ಹಾರಾಡ್ತಾ ಇದ್ರೆ, ಒಂದೆರಡು ಮೀಟರ್ ದೂರದಲ್ಲಿ ನಿಂತು ಗೊಂಚಲನ್ನ ಜಲ್ ಜಲ್ ಅಂತ ಜೋರಾಗಿ ಅಲ್ಲಾಡಿಸಿ ನೋಡಿ. ಕೆಲವು ಪತಂಗ ಸರ್ರನೆ ತಿರುಗಿ ಓಡತ್ತೆ, ಕೆಲವು ಗಾಳಿಯಲ್ಲೇ ಲಾಗ ಹಾಕತ್ತೆ, ಕೆಲವು ಮಾತ್ರ ರೆಕ್ಕೆ ಮುಚ್ಚಿಕೊಂಡು ಕಲ್ಲು ಬಿದ್ದ ಹಾಗೆ ನೆಲಕ್ಕೆ ಬೀಳತ್ತೆ. ಸ್ವಲ್ಪ ಹೊತ್ತು ಹುಲ್ಲಲ್ಲಿ ಅಲ್ಲಾಡದೆ ಬಿದ್ದಿರತ್ತೆ, ಆಮೇಲೆ ಏನೂ ಆಗಿಲ್ಲ ಅನ್ನೋ ಥರ ಎದ್ದು ಹಾರಿಹೋಗತ್ತೆ.

ಈ ಬೀಳೋದಕ್ಕೇ ಅಕೌಸ್ಟಿಕ್ ಸ್ಟಾರ್ಟಲ್ ರೆಸ್ಪಾನ್ಸ್ ಅಂತಾರೆ. ಒಂದು ಸದ್ದು ಕಿವಿಗೆ ಬಿದ್ದ ತಕ್ಷಣ, ಯೋಚನೆಗೆಲ್ಲ ಟೈಮೇ ಇಲ್ದೆ, ಮೈ ತಾನಾಗೇ ಬೆಚ್ಚಿಬಿದ್ದು ಮಾಡೋ ಕೆಲಸ. ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯ ರೊನಾಲ್ಡ್ ಹಾಯ್ ಮತ್ತೆ ಅವರ ಜೊತೆಗಾರರು ಕೀಟಗಳ ವಿಷಯದಲ್ಲಿ ಈ ಹೆಸರನ್ನ ಚೆನ್ನಾಗಿ ಬಳಕೆಗೆ ತಂದ್ರು. ಇಲ್ಲಿ ಒಂದು ವಿಷಯ ಮೊದಲೇ ಗಟ್ಟಿಯಾಗಿ ಹೇಳಿಬಿಡಬೇಕು, ಯಾಕಂದ್ರೆ ಇದು ತಿಳಿದ್ರೆ ಮಿಕ್ಕಿದ್ದೆಲ್ಲ ಸಲೀಸು: ಸದ್ದು ಹುಳನ ಹೊಡೆದು ಬೀಳಿಸಲ್ಲ, ಹುಳನೇ ಬೀಳತ್ತೆ. ಸದ್ದಿನ ಒತ್ತಡದಿಂದಲೇ ಒಂದು ಹುಳದ ತೂಕ ಹೊರಬೇಕು ಅಂದ್ರೆ ಭಯಂಕರ ಶಕ್ತಿ ಬೇಕು. ಚೀನಾದ ಷಿಯಾನ್ ನಗರದ ವಿಜ್ಞಾನಿಗಳು 2006ರಲ್ಲಿ ಇರುವೆ, ಗುಲಗಂಜಿ ಹುಳ, ಸಣ್ಣ ಮೀನಿನ ಮರಿ ಇಂಥದ್ದನ್ನೆಲ್ಲ ಸದ್ದಿನ ಅಲೆಗಳ ಮೇಲೆ ಗಾಳಿಯಲ್ಲಿ ತೇಲಿಸಿ ತೋರಿಸಿದ್ರು, ಆದ್ರೆ ಅದಕ್ಕೆ ಲ್ಯಾಬಿನ ಮೆಷಿನ್ ಬೇಕು, ಹುಳನೂ ಆ ಮೆಷಿನ್ನಿನ ಎರಡು ತುದಿಗಳ ಮಧ್ಯದ ಚೂರು ಜಾಗದಲ್ಲೇ ಇರಬೇಕು. ಕೀ ಗೊಂಚಲಿಗೆ ಅಂಥ ತಾಕತ್ತು ಎಲ್ಲಿಂದ ಬರಬೇಕು. ಕೀ ಗೊಂಚಲು ಕೊಡೋದು ಒಂದು ಸುಳ್ಳು ಸುದ್ದಿ, ಅಷ್ಟೇ. ಆ ಸುದ್ದಿ ಏನಪ್ಪಾ ಅಂದ್ರೆ, ಬಾವಲಿ ಬಂತು.

ಹುಳ ತಿನ್ನೋ ಸಣ್ಣ ಬಾವಲಿಗಳು ಕತ್ತಲಲ್ಲಿ ಕೂಗಿ, ಆ ಕೂಗು ಹುಳಕ್ಕೆ ತಾಗಿ ವಾಪಸ್ ಬರೋದನ್ನ ಕೇಳಿ ಬೇಟೆ ಆಡ್ತವೆ. (ಆಲದ ಮರದಲ್ಲಿ ನೇತಾಡೋ, ಹಣ್ಣು ತಿನ್ನೋ ದೊಡ್ಡ ಬಾವಲಿಗಳು ಈ ಕೆಲಸ ಮಾಡಲ್ಲ, ಅವು ಕಣ್ಣು ಮೂಗು ನಂಬಿಕೊಂಡಿರೋವು.) ಈ ಕೂಗು ಸಾಮಾನ್ಯವಾಗಿ 20 ಕಿಲೋಹರ್ಟ್ಸ್, ಅಂದ್ರೆ ಸೆಕೆಂಡಿಗೆ 20 ಸಾವಿರ ಕಂಪನದ ಮೇಲೆ ಇರತ್ತೆ, ನಮ್ಮ ಕಿವಿ ಅಷ್ಟರೊಳಗೇ ಸುಸ್ತು, ವಯಸ್ಸಾದ್ರಂತೂ 12-15 ಕಿಲೋಹರ್ಟ್ಸ್ ಕೇಳಿದ್ರೆ ಹೆಚ್ಚು. ಲೋಹಕ್ಕೆ ಲೋಹ ತಾಗಿದಾಗ ಬರೋ ಜಣಜಣದಲ್ಲಿ ನಮಗೆ ಕೇಳೋ ಭಾಗದ ಜೊತೆಗೇ ಕೇಳದೇ ಇರೋ ಅಲ್ಟ್ರಾಸೌಂಡ್ ಭಾಗನೂ ತುಂಬಾ ಇರತ್ತೆ. ಬಾವಲಿ ಅಧ್ಯಯನ ಮಾಡೋರು ಬ್ಯಾಟ್ ಡಿಟೆಕ್ಟರ್, ಅಂದ್ರೆ ಬಾವಲಿ ಕೂಗು ಹಿಡಿಯೋ ಉಪಕರಣ, ಸರಿಯಾಗಿ ಕೆಲಸ ಮಾಡ್ತಿದ್ಯಾ ಅಂತ ಚೆಕ್ ಮಾಡೋಕೆ ಕೀ ಗೊಂಚಲೇ ಅಲ್ಲಾಡಿಸೋದು, ಇಲ್ಲಾಂದ್ರೆ ಮೈಕ್ ಹತ್ರ ಹೆಬ್ಬೆರಳು ತೋರುಬೆರಳು ಉಜ್ಜೋದು.

ಬಾವಲಿ ಕೂಗು ಕೇಳಿ ಪತಂಗ ಹೇಗೆ ತಪ್ಪಿಸಿಕೊಳ್ಳತ್ತೆ ಅನ್ನೋದನ್ನ ಬಿಡಿಸಿ ತೋರಿಸಿದವರು ಇಬ್ಬರು, ಟಫ್ಟ್ಸ್ ಯೂನಿವರ್ಸಿಟಿಯ ಕೆನೆತ್ ರೋಡರ್ ಮತ್ತೆ ನ್ಯೂಯಾರ್ಕಿನ ಆಶರ್ ಟ್ರೀಟ್, 1950 ಮತ್ತು 60ರ ದಶಕದಲ್ಲಿ. ಅವರ ಕೆಲಸ ಓದಿದಾಗಲೆಲ್ಲ ನನಗೆ ಆಶ್ಚರ್ಯ ಆಗೋದು ಎಷ್ಟು ಕಡಿಮೆ ಸಾಮಾನಲ್ಲಿ ಎಷ್ಟು ದೂರ ಹೋದ್ರು ಅಂತ. ನಾಕ್ಟುಯಿಡ್ ಅನ್ನೋ ಗುಂಪಿನ ಪತಂಗಗಳಿಗೆ ಎದೆಯ ಹಿಂಭಾಗದಲ್ಲಿ, ರೆಕ್ಕೆ ಬುಡದ ಹತ್ರ, ಎರಡೂ ಪಕ್ಕ ಒಂದೊಂದು ಕಿವಿ ಇರತ್ತೆ, ತೆಳ್ಳಗಿನ ಪೊರೆ, ಅದರ ಹಿಂದೆ ಸದ್ದು ಕೇಳೋ ನರಕೋಶ ಬರೀ ಎರಡು. ನಮ್ಮ ಕಿವಿಯಲ್ಲಿ ಸಾವಿರಾರು ಇರತ್ತೆ, ಇಲ್ಲಿ ಎರಡೇ ಎರಡು. ರೋಡರ್ ಆ ಕಿವಿಯ ನರಕ್ಕೆ ಸಣ್ಣ ತಂತಿ ಸಿಕ್ಕಿಸಿ, ಆ ಇಡೀ ಸೆಟ್ಟನ್ನ ರಾತ್ರಿ ಹೊರಗೆ ತಗೊಂಡು ಹೋಗಿ, ಪತಂಗದ ಕಿವಿಯನ್ನೇ ಬಾವಲಿ ಪತ್ತೆ ಮಾಡೋ ಉಪಕರಣ ಮಾಡಿಕೊಂಡ್ರು. ಬಾವಲಿ ಹತ್ರ ಬಂದ ಹಾಗೆ ನರದ ಟಿಕ್ ಟಿಕ್ ಜಾಸ್ತಿ ಆಗೋದನ್ನ ಸ್ಪೀಕರಲ್ಲಿ ಕೇಳ್ತಾ ಕೂತರು.

ಆ ಎರಡು ಕೋಶದಲ್ಲಿ ಒಂದು ಭಾರಿ ಸೂಕ್ಷ್ಮ, ಇನ್ನೊಂದು ಸ್ವಲ್ಪ ಮಂದ, ಜೋರು ಸದ್ದಿಗೆ ಮಾತ್ರ ಏಳತ್ತೆ. ಬಾವಲಿ ಮೂವತ್ತು ಮೀಟರ್ ಆಚೆ ಇದ್ದಾಗಲೇ ಸೂಕ್ಷ್ಮದ್ದಕ್ಕೆ ಗೊತ್ತಾಗತ್ತೆ, ಆಗ ಬಾವಲಿಗೆ ಪತಂಗ ಇನ್ನೂ ಕಾಣಿಸಿರಲ್ಲ, ಅದಕ್ಕೆ ಪತಂಗ ಕಾಣೋದು ಕೆಲವೇ ಮೀಟರ್ ಒಳಗೆ ಬಂದಾಗ, ಹಾಗಾಗಿ ಪತಂಗ ಸುಮ್ನೆ ದಿಕ್ಕು ಬದಲಿಸಿ ದೂರ ಹೋಗಿಬಿಡತ್ತೆ. ಬಾವಲಿ ತೀರಾ ಹತ್ರ ಬಂದು ಸದ್ದು ಜೋರಾದಾಗ ಓಡಿ ಗೆಲ್ಲೋಕಾಗಲ್ಲ, ಬಾವಲಿ ಅದಕ್ಕಿಂತ ಎಷ್ಟೋ ಫಾಸ್ಟು. ಆಗ ಶುರುವಾಗೋದು ಲಾಗ, ಸುತ್ತು, ರೆಕ್ಕೆ ಮುಚ್ಚಿ ಬೀಳೋದು, ಇಲ್ಲಾ ರೆಕ್ಕೆ ಬಡೀತಾನೇ ನೆಲದ ಕಡೆ ಧುಮುಕೋದು. ಇದರಲ್ಲಿ ಯಾವುದು ಅಂತ ಮೊದಲೇ ಹೇಳೋಕಾಗಲ್ಲ, ಹಾಗೆ ಹೇಳೋಕಾಗದೇ ಇರೋದೇ ಅದರ ಬಲ, ಯಾಕಂದ್ರೆ ಬಾವಲಿಗೂ ಹೇಳೋಕಾಗಲ್ಲ. ರೋಡರ್ ಒಂದು ಕಂಬದ ಮೇಲೆ ಅಲ್ಟ್ರಾಸೌಂಡ್ ಸ್ಪೀಕರ್ ಕಟ್ಟಿ, ಫ್ಲಡ್ ಲೈಟ್ ಹಾಕಿ, ಕ್ಯಾಮೆರಾ ಶಟರ್ ತೆಗೆದಿಟ್ಟು ಪತಂಗಗಳ ದಾರಿಯನ್ನ ಬೆಳಕಿನ ಗೆರೆಗಳಾಗಿ ಹಿಡಿದಿದ್ದಾರೆ, ನೆಟ್ಟಗೆ ಬರ್ತಿದ್ದ ಗೆರೆ ಸ್ವಿಚ್ ಒತ್ತಿದ ಕಡೆ ಗಂಟು ಗಂಟಾಗಿ ಕೆಳಗಿಳಿಯತ್ತೆ. ಈ ನಾಟಕಕ್ಕೆ ಬೆಲೆ ಎಷ್ಟು ಅಂತನೂ ಇಬ್ಬರೂ ಸೇರಿ ಲೆಕ್ಕ ಹಾಕಿದ್ರು, ಬಾವಲಿ ಎದುರಾದಾಗ ಹೀಗೆ ಬೆಚ್ಚಿ ತಪ್ಪಿಸಿಕೊಂಡವುಗಳಲ್ಲಿ 100 ಬದುಕಿದ್ರೆ ಸುಮ್ನೆ ಹಾರ್ತಾ ಹೋದವುಗಳಲ್ಲಿ ಬದುಕೋದು 60.

ಟ್ರೀಟ್ ಅವರು ಕಂಡುಕೊಂಡ ಇನ್ನೊಂದು ಸಂಗತಿ ಹೇಳದೇ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ಪತಂಗದ ಕಿವಿಯೊಳಗೆ ಸಂಸಾರ ಹೂಡೋ ಒಂದು ಜಾತಿ ಮೈಟ್ ಇದೆ, ಉಣ್ಣಿಯ ದಾಯಾದಿ ಅನ್ನಬಹುದಾದ ಚಿಕ್ಕ ಜೀವಿ. ಇದು ಹೊಕ್ಕ ಕಿವಿ ಕೆಟ್ಟುಹೋಗತ್ತೆ. ಎರಡೂ ಕಿವಿ ಕೆಟ್ಟರೆ ಪತಂಗ ಕಿವುಡು, ಬಾವಲಿ ಬಾಯಿಗೆ ತುತ್ತು, ಜೊತೆಗೆ ಮೈಟ್ ಸಂಸಾರನೂ ಗೋವಿಂದ. ಅದಕ್ಕೇ ಮೊದಲು ಬಂದ ಮೈಟ್ ಯಾವ ಕಿವಿ ಹಿಡೀತೋ ಆಮೇಲೆ ಬಂದವೆಲ್ಲ ಅದೇ ಕಿವಿಗೆ ಹೋಗ್ತವೆ, ಇನ್ನೊಂದು ಕಿವಿ ಮುಟ್ಟಲ್ಲ.

ಕಿವಿ ಎಲ್ಲಿ ಅನ್ನೋದು ಹುಳದಿಂದ ಹುಳಕ್ಕೆ ಬೇರೆ. ಕೆಲವು ಪತಂಗಗಳಿಗೆ ಹೊಟ್ಟೆಯಲ್ಲಿ, ಕೆಲವು ಹಾಕ್ ಮಾತ್ ಜಾತಿಗಳಿಗೆ ಬಾಯಿ ಹತ್ರ. ಹಸಿರು ಮೈಯ, ಜಾಲರಿ ಥರ ರೆಕ್ಕೆ ಇರೋ ಲೇಸ್‌ವಿಂಗ್‌ಗೆ ರೆಕ್ಕೆಯ ಗೆರೆಯಂಥ ನಾಳದಲ್ಲೇ ಕಿವಿ, ಅದೂ ಬಾವಲಿ ಕೂಗು ಕೇಳಿದ್ರೆ ರೆಕ್ಕೆ ಮಡಚಿ ಬೀಳತ್ತೆ. ಮುಂಗಾಲು ಜೋಡಿಸಿ ಕೂರೋ ಸೂರ್ಯನ ಕುದುರೆ, ಅದೇ ಮ್ಯಾಂಟಿಸ್, ಅದಕ್ಕೆ ಎದೆ ಮಧ್ಯದಲ್ಲಿ ಒಂದೇ ಒಂದು ಕಿವಿ, ಇದನ್ನ ಯೇಗರ್ ಮತ್ತು ಹಾಯ್ 1986ರಲ್ಲಿ ತೋರಿಸಿದ್ರು, ಅದು ಬೀಳೋ ಬದಲು ಸುರುಳಿ ಸುತ್ತಿ ಡೈವ್ ಹೊಡೆಯತ್ತೆ. ಟೈಗರ್ ಮಾತ್‌ಗಳು ಇನ್ನೂ ಗಟ್ಟಿ, ತಿರುಗಿ ಬಾವಲಿಗೇ ಕ್ಲಿಕ್ ಕ್ಲಿಕ್ ಅಂತ ಸದ್ದು ಮಾಡ್ತವೆ, ಅದರಲ್ಲಿ ಬರ್ಥೋಲ್ಡಿಯಾ ಅನ್ನೋದು ಬಾವಲಿಯ ಸೋನಾರನ್ನೇ, ಅಂದ್ರೆ ಕೂಗಿ ಹುಡುಕೋ ವಿದ್ಯೆಯನ್ನೇ, ಜಾಮ್ ಮಾಡತ್ತೆ ಅಂತ 2009ರಲ್ಲಿ ಗೊತ್ತಾಯ್ತು. ಇನ್ನೊಂದು ಕಡೆ ಕಿವಿನೇ ಇಲ್ಲದವೂ ಇವೆ. ಟಸರ್ ರೇಷ್ಮೆ ಕೊಡೋ ದೊಡ್ಡ ಪತಂಗಗಳ ಕುಟುಂಬ ಪೂರ್ತಿ ಕಿವುಡು, ನಮ್ಮ ಮಲೆನಾಡಲ್ಲಿ ಸಿಗೋ ಅಟ್ಲಾಸ್ ಪತಂಗನೂ ಇದೇ ಮನೆತನ. ಮೊದಲ ಮಳೆ ಬಿದ್ದ ಸಂಜೆ ಲೈಟಿಗೆ ಮುತ್ತೋ ಮಳೆಹುಳಕ್ಕೂ ಇಂಥ ಕಿವಿ ಇಲ್ಲ, ಅದರ ಮುಂದೆ ಕೀ ಗೊಂಚಲಲ್ಲ ದೇವಸ್ಥಾನದ ಗಂಟೆ ಬಾರಿಸಿದ್ರೂ ಅದು ಬೀಳಲ್ಲ.

ಮಂಕು ಬಲ್ಬ್ ಅಂತ ಮೊದಲೇ ಹೇಳಿದ್ದಕ್ಕೂ ಕಾರಣ ಇದೆ. ಮರ್ಕ್ಯುರಿ ಬೀದಿದೀಪದ ಸುತ್ತ ಹಾರೋ ಪತಂಗಗಳಿಗೆ ಈ ಬೆಚ್ಚೋ ಗುಣನೇ ತುಂಬಾ ಕಮ್ಮಿಯಾಗತ್ತೆ ಅಂತ ಸ್ವೀಡನ್ನಿನ ಸ್ವೆನ್ಸನ್ ಮತ್ತು ರೀಡೆಲ್ 1998ರಲ್ಲಿ ತೋರಿಸಿದ್ರು. ಬೀದಿದೀಪದ ಕೆಳಗೆ ಬಾವಲಿಗಳಿಗೆ ಹಬ್ಬದೂಟ ಯಾಕೆ ಅನ್ನೋದಕ್ಕೆ ಒಂದು ಕಾರಣ ಇದು. ಹಾಗಾಗಿ ಕೀ ಅಲ್ಲಾಡಿಸಿದ್ರೂ ಏನೂ ಆಗಲಿಲ್ಲ ಅಂದ್ರೆ ಮೊದಲು ಲೈಟು ನೋಡಿ.

ಈಗ ಗ್ಯಾಜೆಟ್ ವಿಷಯ. ನಮಗೆ ಕೇಳದ ಸದ್ದು ಮಾಡೋ ಮೊದಲ ಆಟಿಕೆ ಅಂದ್ರೆ 1876ರ ಗಾಲ್ಟನ್ ಸೀಟಿ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಅದನ್ನ ವಾಕಿಂಗ್ ಸ್ಟಿಕ್ಕಿನ ತುದಿಗೆ ಸಿಕ್ಕಿಸಿ, ಹಿಡಿಕೆಯಲ್ಲಿ ರಬ್ಬರ್ ಬಲ್ಬ್ ಒತ್ತಿ ಊದೋ ಹಾಗೆ ಮಾಡಿಕೊಂಡು ಲಂಡನ್ ಝೂನಲ್ಲಿ ಒಂದೊಂದು ಪ್ರಾಣಿ ಕಿವಿ ಹತ್ರನೂ ಹಿಡಿದು ನೋಡ್ತಿದ್ದರಂತೆ, ಬೆಕ್ಕಿಗೆ ಎಲ್ಲಕ್ಕಿಂತ ಚೆನ್ನಾಗಿ ಕೇಳಿಸ್ತು. ಈಗ ಅಷ್ಟು ಕಷ್ಟ ಬೇಡ. ದೂರ ಅಳೆಯೋ ಅಲ್ಟ್ರಾಸಾನಿಕ್ ಸೆನ್ಸರ್ ಬರತ್ತಲ್ಲ, ಬೆಂಗಳೂರಿನ ಎಸ್ ಪಿ ರೋಡಲ್ಲಿ ಇಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆ ತಗೊಳ್ಳೋದು, ಅದು 40 ಕಿಲೋಹರ್ಟ್ಸಲ್ಲಿ ಕೂಗತ್ತೆ, ತುಂಬಾ ಪತಂಗಗಳ ಕಿವಿ ಚುರುಕಾಗಿರೋ 20ರಿಂದ 60ರ ಒಳಗೇ ಬರೋ ನಂಬರ್ ಅದು. ಇದನ್ನ ಉಪಯೋಗಿಸಿ ಪತಂಗ ಬೀಳಿಸೋ ಯಂತ್ರ ಮಾಡೋರು ಎರಡು ವಿಷಯ ಮರೀಬಾರ್ದು. ಸದ್ದು ಒಂದೇ ಸಮ ಎಳೀಬಾರ್ದು, ಬಾವಲಿ ಥರ ಬಿಟ್ಟು ಬಿಟ್ಟು ಚಿಕ್ಕ ಚಿಕ್ಕದಾಗಿ ಬರಬೇಕು, ಎಳೆದ ಸದ್ದಿಗೆ ಪತಂಗದ ನರ ಬೇಗ ಒಗ್ಗಿಕೊಂಡುಬಿಡತ್ತೆ. ಬಾವಲಿ ಹುಡುಕೋವಾಗ ಸೆಕೆಂಡಿಗೆ ಹತ್ತು ಸಲ ಆಸುಪಾಸು ಕೂಗತ್ತೆ, ಹಿಡಿಯೋ ಕೊನೇ ಕ್ಷಣದಲ್ಲಿ ನೂರು ದಾಟತ್ತೆ. ಇನ್ನೊಂದು, 40 ಕಿಲೋಹರ್ಟ್ಸ್ ಸದ್ದನ್ನ ಗಾಳಿನೇ ಮೀಟರಿಗೆ ಒಂದು ಡೆಸಿಬಲ್‌ಗಿಂತ ಸ್ವಲ್ಪ ಜಾಸ್ತಿ ನುಂಗಿಹಾಕತ್ತೆ, ಅದಕ್ಕೆ ಇದು ಹತ್ತಿರದ ಆಟ.

ಇಷ್ಟು ತಿಳಿದ ಮೇಲೆ, ಸೊಳ್ಳೆ ಓಡಿಸತ್ತೆ ಅಂತ ಪ್ಲಗ್ಗಿಗೆ ಹಾಕೋ ಅಲ್ಟ್ರಾಸಾನಿಕ್ ಡಬ್ಬಿ ಯಾಕೆ ಕೆಲಸ ಮಾಡಲ್ಲ ಅನ್ನೋದು ಗೊತ್ತಾಗತ್ತೆ. ಸೊಳ್ಳೆಗೆ ಬಾವಲಿ ಕೂಗು ಕೇಳೋ ಕಿವಿ ಇಲ್ಲ. ಅದು ಕೇಳೋದು ಮೀಸೆಯಿಂದ, ಅದರ ಬುಡದಲ್ಲಿರೋ ಜಾನ್‌ಸ್ಟನ್ಸ್ ಆರ್ಗನ್ ಅನ್ನೋ ಅಂಗದಿಂದ, ಅದೂ ಕೆಲವು ನೂರು ಹರ್ಟ್ಸಿನ ಸದ್ದು, ಅಂದ್ರೆ ಜೋಡಿಯ ರೆಕ್ಕೆ ಗುಂಯ್‌ಗುಡೋದು. ವೈದ್ಯಕೀಯ ಅಧ್ಯಯನಗಳನ್ನ ಒರೆಗೆ ಹಚ್ಚಿ ನೋಡೋ ಕೊಕ್ರೇನ್ ಸಂಸ್ಥೆಯ 2007ರ ವಿಮರ್ಶೆ 10 ಫೀಲ್ಡ್ ಅಧ್ಯಯನ ಒಟ್ಟಿಗೆ ನೋಡಿ ಈ ಡಬ್ಬಿಗಳಿಂದ ಕಚ್ಚೋದು ತಪ್ಪಲ್ಲ ಅಂತ ಹೇಳಿದೆ. ಡೆಂಗ್ಯೂ ಇರೋ ಊರಲ್ಲಿ ಇದನ್ನ ನಂಬಿ ಸೊಳ್ಳೆ ಪರದೆ ಬಿಟ್ಟು ಮಲಗೋದು ಅಪಾಯ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು. ಸದ್ದಿಂದ ಸೊಳ್ಳೆ ಹಿಡಿಯೋದು ಆಗದ ಮಾತೇನಲ್ಲ, ಆದ್ರೆ ಹೆದರಿಸಿ ಅಲ್ಲ, ಕರೆದು. ಹೆಣ್ಣಿನ ರೆಕ್ಕೆ ಸದ್ದು, 484 ಹರ್ಟ್ಸ್, ಹಾಕಿ ಈಡಿಸ್ ಜಾತಿಯ ಗಂಡುಗಳನ್ನ ಬಲೆಗೆ ಎಳೆಯೋದನ್ನ ಆಸ್ಟ್ರೇಲಿಯಾದ ಜಾನ್ಸನ್ ಮತ್ತು ರಿಚೀ 2016ರಲ್ಲಿ ಮಾಡಿ ತೋರಿಸಿದ್ರು. ಹಿಡಿದದ್ದು ಗಂಡು, ಕಚ್ಚೋದು ಹೆಣ್ಣು, ಹಾಗಾಗಿ ಅದು ಬೆಡ್‌ರೂಮಿಗೆ ಅಲ್ಲ, ಊರಲ್ಲಿ ಎಷ್ಟು ಸೊಳ್ಳೆ ಇದೆ ಅಂತ ಅಂದಾಜು ಮಾಡೋರಿಗೆ.

ಪತಂಗ ಹೆದರಿಸೋ ಸದ್ದಿಗೆ ನಿಜವಾದ ಉಪಯೋಗ ಇದ್ರೆ ಅದು ಹೊಲದಲ್ಲಿ. ಕೆನಡಾದಲ್ಲಿ ಬೆಲ್ಟನ್ ಮತ್ತು ಕೆಂಪ್‌ಸ್ಟರ್ 1962ರಷ್ಟು ಹಿಂದೇನೇ ಮೆಕ್ಕೆಜೋಳದ ಹೊಲಕ್ಕೆ ರಾತ್ರಿ ಅಲ್ಟ್ರಾಸೌಂಡ್ ಹಾಕಿ ಕಾಂಡ ಕೊರೆಯೋ ಹುಳದ ಕಾಟ ಸುಮಾರು ಅರ್ಧಕ್ಕೆ ಇಳಿಸಿದ್ರು, ಪತಂಗ ಹೆದರಿ ಮೊಟ್ಟೆ ಇಡೋಕೆ ಬರಲಿಲ್ಲ. ನಮಗೂ ಇದು ಹತ್ತಿರದ್ದು, 2018ರಲ್ಲಿ ಭಾರತದಲ್ಲಿ ಮೊದಲ ಸಲ ಫಾಲ್ ಆರ್ಮಿವರ್ಮ್ ಅನ್ನೋ ಬೆಳೆ ತಿನ್ನೋ ಹುಳ ಕಾಣಿಸಿಕೊಂಡಿದ್ದು ಶಿವಮೊಗ್ಗದ ಕಡೆ ಮೆಕ್ಕೆಜೋಳದಲ್ಲಿ, ಅದೂ ಕಲಬುರಗಿ ಕಡೆ ತೊಗರಿ ತಿನ್ನೋ ಕಾಯಿಕೊರಕನೂ ನಾಕ್ಟುಯಿಡ್ ಗುಂಪೇ, ಕಿವಿ ಇರೋವೇ. ಕಷ್ಟ ಇರೋದು ಗಾಳಿ ಸದ್ದು ನುಂಗೋದರಲ್ಲಿ, ಎಕರೆಗಟ್ಟಲೆ ಹೊಲಕ್ಕೆ ಸ್ಪೀಕರ್ ತುಂಬಾ ಬೇಕು, ಅದಕ್ಕೆ ಕರೆಂಟ್ ಬೇಕು, ಮಳೆಗಾಲದಲ್ಲಿ ಕೆಡದೆ ಇರಬೇಕು. ಪಾಲಿಹೌಸ್, ನರ್ಸರಿ, ತರಕಾರಿ ಮಡಿ ಇಂಥ ಚಿಕ್ಕ ಜಾಗದಲ್ಲಿ ಮೊದಲು ನೋಡೋದು ವಾಸಿ. ಹಾಕೋದಾದ್ರೆ ಪತಂಗ ಮೊಟ್ಟೆ ಇಡೋಕೆ ಮುಂಚೆನೇ ಹಾಕಬೇಕು, ಯಾಕಂದ್ರೆ ಮೊಟ್ಟೆ ಒಡೆದು ಸುಳಿ ಒಳಗೆ ಸೇರಿಕೊಂಡ ಹುಳನ ಈ ಸದ್ದು ಆಚೆಗೆ ಓಡಿಸಲ್ಲ.