ನಾನೇನು ವಠಾರ ನಡೆಸ್ತಿದೀನಾ?

ಜನವರಿ ಬಂತೆಂದರೆ ನಮ್ಮ ಆಫೀಸಿಗೆ ಒಂದೇ ತರಹದ ಫೋನುಗಳು ಶುರುವಾಗುತ್ತವೆ. ಕಂಪನಿಯವರು ತೆರಿಗೆ ಉಳಿತಾಯದ ದಾಖಲೆ ಕೇಳಿರುತ್ತಾರೆ, ಕೊನೇ ದಿನ ನಾಳೆಯೋ ನಾಡಿದ್ದೋ ಇರುತ್ತದೆ. “ಸಾರ್, ಬಾಡಿಗೆ ರಸೀದಿ ಬೇಕಿತ್ತು. ಅಪ್ಪನ ಹೆಸರಲ್ಲಿ ಮಾಡ್ಕೊಡ್ತೀರಾ?”

ರಸೀದಿ ಅನ್ನುವುದು ದುಡ್ಡು ಇಸ್ಕೊಂಡವರು ಬರೆದುಕೊಡುವ ಚೀಟಿ. ಆಡಿಟರು ಮಾಡಿಕೊಡುವ ತಿಂಡಿಯಲ್ಲ. ಇಪ್ಪತ್ತೈದು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ, ಮುಂದಿನ ಜನವರಿಯಲ್ಲೂ ಹೇಳುತ್ತೇನೆ.

ಹೋದ ಸಲ ಅಪ್ಪ ಮಗ ಇಬ್ಬರೂ ಒಟ್ಟಿಗೆ ಬಂದಿದ್ದರು. ಮೈಸೂರಿನಲ್ಲೇ ಸ್ವಂತ ಮನೆ. ಅಪ್ಪ ರಿಟೈರಾದವರು, ಪಿಂಚಣಿ ಬರುತ್ತದೆ. ಮಗ ಸಾಫ್ಟ್‌ವೇರ್. 2020ರ ಮಾರ್ಚ್‌ನಲ್ಲಿ ಬೆಂಗಳೂರಿನ ಪಿಜಿ ಖಾಲಿ ಮಾಡಿ ಎರಡು ಬ್ಯಾಗು ಹೊತ್ತು ಬಂದವನು ಇನ್ನೂ ಹೋಗಿಲ್ಲ. ವಾರಕ್ಕೆ ಎರಡು ದಿನ ರೈಲಿನಲ್ಲಿ ಹೋಗಿಬರುತ್ತಾನೆ. ಅವನು ನನ್ನ ಮುಂದೆ ಹನ್ನೆರಡು ರಸೀದಿ ಜೋಡಿಸಿದ. ತಿಂಗಳಿಗೆ 15,000 ರೂಪಾಯಿ ಬಾಡಿಗೆ. ಹನ್ನೆರಡೂ ಒಂದೇ ನೀಲಿ ಪೆನ್ನಿನಲ್ಲಿ, ಒಂದೇ ಸಲಕ್ಕೆ ಕೂತು ಬರೆದದ್ದು. ಮೇಲೆ ಅಂಟಿಸಿದ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪುಗಳನ್ನು ಪಕ್ಕಪಕ್ಕ ಇಟ್ಟರೆ ಹರಿದ ಅಂಚು ಒಂದಕ್ಕೊಂದು ಕೂಡಿಕೊಳ್ಳುತ್ತಿತ್ತು. ಏಪ್ರಿಲ್ ತಿಂಗಳಿನ ಅಂಚು ಮೇ ತಿಂಗಳಿಗೆ, ಮೇ ತಿಂಗಳಿನದು ಜೂನಿಗೆ. ಸಹಿ ಮಾತ್ರ ಇರಲಿಲ್ಲ. ಅದಕ್ಕೇ ಅಪ್ಪನನ್ನು ಕರೆತಂದಿದ್ದ.

“ಬಾಡಿಗೆ ಕೈಗೆ ಕೊಡ್ತಾರಾ, ಅಕೌಂಟಿಗೆ ಹಾಕ್ತಾರಾ ಸಾರ್?” ಅಂತ ಅಪ್ಪನನ್ನು ಕೇಳಿದೆ.

ಅವರು ಕನ್ನಡಕ ತೆಗೆದು ಮಗನ ಕಡೆ ತಿರುಗಿದರು. “ಯಾವ ಬಾಡಿಗೆಯೋ?”

“ಅದೇ ಅಪ್ಪ, ತಿಂಗಳ ತಿಂಗಳ ಕೊಡ್ತೀನಲ್ಲ...”

“ಅದು ನಿಮ್ಮಮ್ಮನಿಗೆ ರೇಷನ್ನಿಗೆ ಅಂತ ಕೊಡೋದಲ್ವೇನೋ? ಅದೂ ಆರು ಸಾವಿರ. ನಾನೇನು ವಠಾರ ನಡೆಸ್ತಿದೀನಾ?”

ಹುಡುಗ ಕೆಂಪಾದ. ಅಪ್ಪನಿಗೆ ತೆರಿಗೆಯ ಚಿಂತೆಯೇ ಇರಲಿಲ್ಲ. ಬಾಡಿಗೆ ಅನ್ನುವ ಶಬ್ದಕ್ಕೇ ಅವರ ಮನಸ್ಸು ಮುರಿದಿತ್ತು.

ದುಡಿಯುವ ಮಕ್ಕಳು ಮನೆಯಲ್ಲೇ ಇದ್ದರೆ ದುಡ್ಡು ಕೊಡಬೇಕೋ ಬೇಡವೋ ಅಂತ ನನ್ನನ್ನು ಕೇಳುವವರು ಬಹಳ. ಕೊಡಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನನ್ನ ತಲೆನೋವು ಬೇರೆ. ಕೊಡುವವರೂ ತೆಗೆದುಕೊಳ್ಳುವವರೂ ಆ ದುಡ್ಡಿಗೆ ಹೆಸರಿಡುವುದಿಲ್ಲ. ಜನವರಿಯಲ್ಲಿ ಅದು ಬಾಡಿಗೆ. ಯುಗಾದಿಗೆ ಮನೆಖರ್ಚು. ಅಣ್ಣತಮ್ಮಂದಿರ ಜಗಳದ ದಿನ ಸಾಲ. ಅಪ್ಪ ತೀರಿಕೊಂಡ ಮೇಲೆ “ಮನೆಗೆ ನಾನು ಹಾಕಿದ ಬಂಡವಾಳ”. ಒಂದೇ ದುಡ್ಡು ಇಷ್ಟೆಲ್ಲ ಆಗುವುದಿಲ್ಲ ಸ್ವಾಮಿ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಎಲ್ಲರೂ ಎಡವುವುದು. ಎಚ್‌ಆರ್‌ಎ ಅಂದರೆ ಸಂಬಳದ ಜೊತೆ ಬರುವ ಮನೆಬಾಡಿಗೆ ಭತ್ಯೆ. ಅದರ ತೆರಿಗೆ ವಿನಾಯಿತಿ ಇರುವುದು ವಾಸದ ಮನೆಗೆ ನಿಜವಾಗಿ ತೆತ್ತ ಬಾಡಿಗೆಗೆ. ಅಕ್ಕಿ ಬೇಳೆಗೆ ಕೊಟ್ಟದ್ದಕ್ಕಲ್ಲ, ಹಾಲಿಗೆ ಕೊಟ್ಟದ್ದಕ್ಕಲ್ಲ, ಅಮ್ಮನ ಮಾತ್ರೆಗೆ ಕೊಟ್ಟದ್ದಕ್ಕಂತೂ ಅಲ್ಲ. ಮಗ ಅಪ್ಪನಿಗೆ ಬಾಡಿಗೆ ಕೊಡಬಾರದು ಅಂತ ಕಾನೂನು ಎಲ್ಲೂ ಹೇಳಿಲ್ಲ. ಧಾರಾಳವಾಗಿ ಕೊಡಬಹುದು. ಕೊಟ್ಟರೆ ಅದು ಬಾಡಿಗೆಯಂತೆಯೇ ನಡೆಯಬೇಕು. ಖಾತೆಯಿಂದ ಖಾತೆಗೆ ಹೋಗಬೇಕು, ಒಂದು ಕರಾರು ಪತ್ರ ಇರಬೇಕು. ಮನೆ ಯಾರ ಹೆಸರಿನಲ್ಲಿದೆಯೋ ಅವರಿಗೇ ಹೋಗಬೇಕು. ಮನೆ ಅಮ್ಮನ ಹೆಸರಿನಲ್ಲಿದ್ದು ರಸೀದಿ ಅಪ್ಪನದ್ದಾಗಿರುವ ಫೈಲು ನನ್ನ ಕಪಾಟಿನಲ್ಲಿ ಎಷ್ಟಿವೆಯೋ! ವರ್ಷದ ಬಾಡಿಗೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ನಂಬರನ್ನು ಕಂಪನಿಗೆ ಕೊಡಬೇಕು. ಅಲ್ಲಿಗೆ ಅಪ್ಪನ ರಿಟರ್ನಿನಲ್ಲಿ ಆ ಬಾಡಿಗೆ ಆದಾಯವಾಗಿ ಕಾಣಲೇಬೇಕು. ಮಗ ಕೊಟ್ಟೆ ಅಂತಾನೆ, ಅಪ್ಪ ಬಂದೇ ಇಲ್ಲ ಅಂತಾರೆ. ಇದನ್ನು ಹಿಡಿಯಲು ಇಲಾಖೆಗೆ ಜಾಣತನ ಬೇಕಿಲ್ಲ, ಕಂಪ್ಯೂಟರು ಸಾಕು.

ಅಪ್ಪನಿಗೆ ಇದರಿಂದ ದೊಡ್ಡ ಹೊರೆಯೇನೂ ಇಲ್ಲ. ವರ್ಷಕ್ಕೆ 1,80,000 ಬಂದರೆ ಕಟ್ಟಿದ ಕಂದಾಯ ಕಳೆದು, ಉಳಿದದ್ದರಲ್ಲಿ ಶೇಕಡಾ 30 ರಿಪೇರಿ ಗಿಪೇರಿಗೆ ಅಂತ ಬಿಟ್ಟು, ಮಿಕ್ಕದ್ದಷ್ಟೇ ಲೆಕ್ಕಕ್ಕೆ. ಪಿಂಚಣಿ ಕಡಿಮೆ ಇದ್ದರೆ ತೆರಿಗೆಯೇ ಬರದಿರಬಹುದು. ಬರದಿರಬಹುದು ಅಂದೆ, ಬರುವುದೇ ಇಲ್ಲ ಅನ್ನಲಿಲ್ಲ. ಅವರವರ ಕಾಗದ ನೋಡದೆ ಏನನ್ನೂ ಖಾತರಿ ಕೊಡುವವನಲ್ಲ ನಾನು. 2017ರಲ್ಲಿ ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂದೆ ಇಂಥದೇ ಒಂದು ಪ್ರಕರಣ ಬಂದಿತ್ತು. ಮಗಳು ತಾಯಿಗೆ ನಗದಿನಲ್ಲಿ ಬಾಡಿಗೆ ಕೊಟ್ಟೆ ಅಂದಳು. ಕರಾರಿಲ್ಲ, ಬ್ಯಾಂಕಿನ ಗುರುತಿಲ್ಲ. ವಿನಾಯಿತಿ ಸಿಗಲಿಲ್ಲ. ತಾಯಿಗೆ ಕೊಟ್ಟದ್ದು ತಪ್ಪು ಅಂತ ಯಾರೂ ಅನ್ನಲಿಲ್ಲ, ಕೊಟ್ಟಿದ್ದಕ್ಕೆ ಪುರಾವೆ ಎಲ್ಲಿ ಅಂದರು.

ಇದರಲ್ಲೊಂದು ತಮಾಷೆಯಿದೆ. ಆ ಹುಡುಗ ನ್ಯೂ ರಿಜೀಮಿನಲ್ಲಿದ್ದ, ಅಂದರೆ ಹೊಸ ತೆರಿಗೆ ಪದ್ಧತಿಯಲ್ಲಿ. 2023-24ರಿಂದ ನಾವಾಗಿ ಬೇಡ ಅನ್ನದಿದ್ದರೆ ಎಲ್ಲರೂ ಅದರಲ್ಲೇ. ಅಲ್ಲಿ ಎಚ್‌ಆರ್‌ಎ ವಿನಾಯಿತಿಯೇ ಇಲ್ಲ. ಜೊತೆಗೆ 2025-26ರಿಂದ ಸಂಬಳದವರಿಗೆ 12,75,000ದವರೆಗೆ ತೆರಿಗೆಯೇ ಬೀಳುವುದಿಲ್ಲ. ಇವನ ಸಂಬಳ ಒಂಬತ್ತು ಲಕ್ಷ. ಅಂದರೆ ಹನ್ನೆರಡು ರಸೀದಿ, ಹನ್ನೆರಡು ಸ್ಟ್ಯಾಂಪು, ಅಪ್ಪನ ಮನಸ್ತಾಪ, ಎಲ್ಲ ಸೇರಿ ಉಳಿಯುತ್ತಿದ್ದ ತೆರಿಗೆ ಸೊನ್ನೆ. “ಮತ್ತೆ ಯಾಕಪ್ಪ ಇದೆಲ್ಲ?” ಅಂದರೆ “ಆಫೀಸಲ್ಲಿ ಎಲ್ಲರೂ ಕೊಡ್ತಿದ್ರು ಸಾರ್” ಅಂದ.

ಬಾಡಿಗೆಯ ವಿಷಯ ಬಿಟ್ಟುಬಿಡಿ. ಊಟತಿಂಡಿಯ ಪಾಲು ಎಷ್ಟು ಕೊಡಬೇಕು? ಸಂಬಳದಲ್ಲಿ ಇಷ್ಟು ಪರ್ಸೆಂಟು ಅಂತ ಹೇಳುವವರಿದ್ದಾರೆ, ನನಗೆ ಆ ಲೆಕ್ಕ ಒಗ್ಗುವುದಿಲ್ಲ. ನಾನು ಅಮ್ಮನ ಪುಸ್ತಕ ತರಿಸುತ್ತೇನೆ. ಬಹಳಷ್ಟು ಮನೆಗಳಲ್ಲಿ ಅಂಥದ್ದೊಂದು ಇದ್ದೇ ಇರುತ್ತದೆ. ಇಲ್ಲದಿದ್ದರೆ ಅಡುಗೆಮನೆ ಕ್ಯಾಲೆಂಡರಿನ ಮೇಲೆ ಹಾಲಿನ ಗುರುತಾದರೂ ಇರುತ್ತದೆ. ಈ ಮನೆಯ ಪುಸ್ತಕದಲ್ಲಿ ದಿನಸಿ 8,500, ಹಾಲು ಮೊಸರು 3,100, ತರಕಾರಿ ಹಣ್ಣು 4,000, ಗ್ಯಾಸು 900, ಮನೆಗೆಲಸದವರಿಗೆ 2,500, ಇಂಟರ್ನೆಟ್ಟು 1,000. ಕೂಡಿದರೆ 20,000. ಅಪ್ಪ, ಅಮ್ಮ, ಅಜ್ಜಿ, ಮಗ, ನಾಲ್ಕು ತಲೆ. ತಲೆಗೆ ಐದು ಸಾವಿರ. ಅಮ್ಮ ಒಲೆ ಮುಂದೆ ನಿಂತದ್ದಕ್ಕೆ ಇದರಲ್ಲಿ ಒಂದು ಪೈಸೆ ಸೇರಿಲ್ಲ, ಯಾವ ಮನೆಯಲ್ಲೂ ಸೇರಿಸುವುದಿಲ್ಲ.

ಆರು ಸಾವಿರ ಕೊಡುತ್ತಿದ್ದೀನಲ್ಲ ಅಂತ ಹುಡುಗ ಎದೆಯುಬ್ಬಿಸುವಷ್ಟರಲ್ಲಿ ಅಪ್ಪ ಜೇಬಿನಿಂದ ಕರೆಂಟ್ ಬಿಲ್ ತೆಗೆದರು. ಗೃಹಜ್ಯೋತಿಯಲ್ಲಿ ಆ ಮನೆಗೆ 2023ರಿಂದ ಸೊನ್ನೆ ಬಿಲ್ ಬರುತ್ತಿತ್ತಂತೆ. ಆಮೇಲೆ ಇವನ ರೂಮಿಗೆ ಎಸಿ ಬಂತು. ಹಗಲೂ ರಾತ್ರಿ ಎರಡು ಸ್ಕ್ರೀನು. ಏಪ್ರಿಲಿನಲ್ಲಿ 200 ಯೂನಿಟ್ ದಾಟಿತು, ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಅಪ್ಪ ಆ ಬಿಲ್ಲನ್ನು ನಾಲ್ಕಾಗಿ ಮಡಿಸಿ ತಿಂಗಳುಗಟ್ಟಲೆ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಮಗನಿಗೆ ತೋರಿಸಿದ್ದು ನನ್ನ ಆಫೀಸಿನಲ್ಲೇ ಮೊದಲು.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. “ಮಗಳ ದುಡ್ಡಲ್ಲಿ ಊಟ ಮಾಡ್ತಾರೆ ಅಂತಾರೆ ಜನ” ಅಂತ ತಿಂಗಳಿಗೆ ಐದು ಸಾವಿರ ಮುಟ್ಟದವರು, ಅದೇ ಮಗಳ ಸಂಬಳದಿಂದ ಅವಳ ಮದುವೆಗೆ ಅಂತ ಚಿನ್ನದ ಚೀಟಿ ಕಟ್ಟಿಸುತ್ತಾರೆ. ಒಬ್ಬ ಹುಡುಗಿ ನನ್ನೆದುರು ಹೇಳಿದ್ದಳು, “ನಾನು ಗ್ಯಾಸಿಗೆ ಕೊಟ್ಟರೆ ತಾನೆ ಸಾರ್, ಸೋಫಾ ಯಾವ ಬಣ್ಣದ್ದು ಅಂತ ನನ್ನ ಕೇಳೋದು?” ತಂದೆತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಗೆ 2007ರಲ್ಲಿ ಬಂದ ಕಾಯ್ದೆ ಮಗ ಮಗಳು ಅಂತ ಭೇದ ಮಾಡಿಲ್ಲ. ಹೊಣೆ ಇಬ್ಬರದೂ. ಜನ ಏನಂತಾರೆ ಅನ್ನುವುದು ಕಾಯ್ದೆಯಲ್ಲಿಲ್ಲ.

ನನ್ನ ಕಥೆ ಕೇಳುವುದಾದರೆ, ನಾನು ಆರ್ಟಿಕಲ್ಡ್ ಕ್ಲರ್ಕ್, ಅಂದರೆ ಆಡಿಟರ ಕೈಕೆಳಗೆ ಕೆಲಸ ಕಲಿಯುವ ಹುಡುಗ, ಆಗಿದ್ದಾಗ ಬರುತ್ತಿದ್ದ ಸ್ಟೈಪೆಂಡು ಬಸ್ಸಿಗೂ ಕಾಫಿಗೂ ಸರಿಹೋಗುತ್ತಿತ್ತು. ಆದರೂ ಅಮ್ಮ ಮೂರು ನೂರು ಇಸ್ಕೊಳ್ಳುತ್ತಿದ್ದಳು. ಅದನ್ನೆಲ್ಲ ಕೂಡಿಟ್ಟು ಮದುವೆ ದಿನ ಪಾಸ್‌ಬುಕ್ ಮಾಡಿ ಕೈಗಿಡುತ್ತಾಳೆ ಅಂತ ನಾನು ಒಳಗೊಳಗೇ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಸಿಲಿಂಡರಿಗೆ, ಅವರೆಕಾಯಿಗೆ, ತಂಗಿಯ ಟೈಪಿಂಗ್ ಫೀಸಿಗೆ ಪೂರಾ ಖರ್ಚಾಗುತ್ತಿತ್ತು. ಮೊದಲ ತಿಂಗಳು ಕೊಟ್ಟ ಮಾರನೇ ದಿನ ಸಾರಿಗೆ ಉಪ್ಪು ಜಾಸ್ತಿ ಅಂದೆ. “ಮುನ್ನೂರಕ್ಕೆ ಇಷ್ಟೇ ಬರೋದು” ಅಂದಳು.

ನಕ್ಕು ಮುಗಿಸಬಹುದಾದ ವಿಷಯವೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನನ್ನ ಬಳಿ ಇನ್ನೊಂದು ಫೈಲಿದೆ. ಅಪ್ಪ ಸಾಲ ಮಾಡಿ ಮನೆ ಕಟ್ಟಿಸಿದರು. ರಿಟೈರಾದ ಮೇಲೆ ಜೊತೆಯಲ್ಲೇ ಇದ್ದ ದೊಡ್ಡ ಮಗ ಒಂಬತ್ತು ವರ್ಷ ಕಂತು ಕಟ್ಟಿದ. ಕಟ್ಟಿದ ಅಂದರೆ, ಅಪ್ಪನ ಖಾತೆಗೆ ಹಾಕುತ್ತಿದ್ದ, ಅಲ್ಲಿಂದ ಬ್ಯಾಂಕು ಎಳೆದುಕೊಳ್ಳುತ್ತಿತ್ತು. ಮನೆ ಅಪ್ಪನೊಬ್ಬರ ಹೆಸರಿನಲ್ಲಿದ್ದದ್ದರಿಂದ ಬಡ್ಡಿಗೆ ತೆರಿಗೆ ರಿಯಾಯಿತಿಯೂ ಇವನಿಗೆ ಸಿಗಲಿಲ್ಲ. ಅಪ್ಪ ವಿಲ್ ಬರೆಯದೆ ಹೋದರು. ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ಇವನು, ಇಬ್ಬರು ತಂಗಿಯರು, ನಾಲ್ವರಿಗೂ ಸಮಪಾಲು. “ಕಂತೆಲ್ಲ ನಾನು ಕಟ್ಟಿದ್ದು” ಅಂದ. “ಇಷ್ಟು ವರ್ಷ ಹೆಂಡತಿ ಮಕ್ಕಳ ಸಮೇತ ಬಾಡಿಗೆ ಇಲ್ಲದೆ ಇದ್ಯಲ್ಲಣ್ಣ” ಅಂದರು ತಂಗಿಯರು. ಇಬ್ಬರ ಮಾತಿನಲ್ಲೂ ಸುಳ್ಳಿರಲಿಲ್ಲ. ಸ್ಟೇಟ್‌ಮೆಂಟ್ ತೆರೆದರೆ ನೂರಕ್ಕೂ ಹೆಚ್ಚು ಜಮೆ, ಒಂದೊಂದರ ಎದುರಿಗೂ ಇವನೇ ಟೈಪು ಮಾಡಿದ ಒಂದೇ ಪದ: “ಮನೆ”. ಅದು ಮನೆಸಾಲವೋ, ಮನೆಖರ್ಚೋ, ಮನೆಬಾಡಿಗೆಯೋ? ಹೇಳಬೇಕಾದವರು ಫೋಟೋದಲ್ಲಿದ್ದರು. ಆ ತಾಯಿ ಎಲ್ಲರಿಗೂ ಕಾಫಿ ತಂದಿಟ್ಟು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಮುಂದಿನದು ವಕೀಲರ ಕೆಲಸ, ನಾನು ಬಾಯಿ ಹಾಕಲಿಲ್ಲ.

ದುಡ್ಡು ಕೊಟ್ಟ ಮಾತ್ರಕ್ಕೆ ಹಕ್ಕು ಬರುತ್ತದೆ ಅನ್ನುವ ಭ್ರಮೆ ಇನ್ನೊಂದು. ಅಪ್ಪ ಅಮ್ಮ ಸ್ವಂತ ದುಡಿಮೆಯಲ್ಲಿ ಮಾಡಿದ ಮನೆಯಲ್ಲಿ ಪ್ರಾಯಕ್ಕೆ ಬಂದ ಮಗ ಇರುವುದು ಅವರ ದಯೆಯಿಂದಲೇ ಹೊರತು ಹಕ್ಕಿನಿಂದಲ್ಲ ಎಂದು 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ಪಿತ್ರಾರ್ಜಿತವಾದರೆ ಮಾತು ಬೇರೆ. ಕಂತು ಕಟ್ಟಿಸಿಕೊಳ್ಳುವುದಾದರೆ ಮಗನ ಹೆಸರನ್ನು ಪತ್ರಕ್ಕೆ ಸೇರಿಸಬಹುದೋ, ಸಾಲವೆಂದು ಬರೆದುಕೊಳ್ಳಬಹುದೋ, ಉಡುಗೊರೆಯೆಂದು ಬಿಡಬಹುದೋ, ಅಪ್ಪ ಬದುಕಿರುವಾಗಲೇ ಮಾತಾಡಿ. ಸುಮ್ಮನೆ ಮನೆಖರ್ಚಿಗೆ ಕೊಡುವುದಾದರೆ ಅದಕ್ಕೆ ನನ್ನ ಹತ್ತಿರ ಬರುವುದೇ ಬೇಡ. ಮಕ್ಕಳು ಕೊಟ್ಟದ್ದಕ್ಕೆ ತಂದೆತಾಯಿ ತೆರಿಗೆ ಕಟ್ಟಬೇಕಿಲ್ಲ, ಮಕ್ಕಳಿಗೆ ಅದರಿಂದ ವಿನಾಯಿತಿಯೂ ಇಲ್ಲ. ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ನಂಬರು ಬದಲಾಗಿವೆ, ಅದಕ್ಕೇ ಇಲ್ಲಿ ಒಂದೂ ನಂಬರು ಬರೆದಿಲ್ಲ. ನಿಮ್ಮ ಆಡಿಟರನ್ನು ಒಮ್ಮೆ ಕೇಳಿಕೊಳ್ಳಿ.

ವಠಾರದ ಯಜಮಾನರು ಜುಲೈನಲ್ಲಿ ತಮ್ಮ ರಿಟರ್ನಿಗೆ ಬಂದಾಗ ಒಂದು ಹಾಳೆ ತಂದಿದ್ದರು. ಹೆಂಡತಿಯ ಕೈಬರಹ, ದಿನಸಿ ಪುಸ್ತಕದಿಂದ ಹರಿದದ್ದು. “ಮಗ ತಿಂಗಳಿಗೆ 7,000 ಮನೆಖರ್ಚಿಗೆ ಕೊಡುವುದು. ಬಾಡಿಗೆ ಅಲ್ಲ. ಸಾಲ ಅಲ್ಲ. ಬೇಸಿಗೆಯಲ್ಲಿ ಕರೆಂಟು ಅವನದೇ.” ಕೆಳಗೆ ಮೂವರ ಸಹಿ. ಸಹಿಯ ಕೆಳಗೆ, ಆಮೇಲೆ ನೆನಪಾಗಿ ಸೇರಿಸಿದಂತೆ, ಬೇರೆ ಪೆನ್ನಿನಲ್ಲಿ ಇನ್ನೊಂದು ಸಾಲು: “ರಾತ್ರಿ ಊಟಕ್ಕೆ ಬರಲ್ಲ ಅಂದರೆ ಏಳು ಗಂಟೆಯೊಳಗೆ ಫೋನ್ ಮಾಡಬೇಕು.”

“ಇದಕ್ಕೂ ಸ್ಟ್ಯಾಂಪ್ ಅಂಟಿಸಬೇಕಾ?” ಅಂತ ಕೇಳಿದರು.