ಹೊಸ ಹೇಂಟೆ ಹಿಂಡಿಗೆ ಸೇರುವ ಬಗೆ

ಹೊಸ ಹೇಂಟೆಗಳನ್ನು ಹಗಲಿನಲ್ಲಿ ಬಿಡಬೇಡಿ, ಕತ್ತಲಾದ ಮೇಲೆ ಹಳೆಯವುಗಳ ಪಕ್ಕ ಕೂರಿಸಿ, ಬೆಳಗ್ಗೆ ಅವುಗಳಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಮನೆಯ ಹಿತ್ತಲಲ್ಲಿ ಕೋಳಿ ಸಾಕುವವರ ನಡುವೆ ಈ ಸಲಹೆ ಬಾಯಿಂದ ಬಾಯಿಗೆ ಓಡಾಡುತ್ತಲೇ ಇದೆ. ಇದರಲ್ಲಿ ಅರ್ಧ ಮಾತ್ರ ನಿಜ. ಕೋಳಿಯ ಕಣ್ಣು ಹಗಲಿನ ಕಣ್ಣು. ಮಬ್ಬಿನಲ್ಲಿ ಅದಕ್ಕೆ ಕಾಣುವುದು ತೀರಾ ಕಡಿಮೆ, ಹಾಗಾಗಿ ರಾತ್ರಿ ಜಗಳವಿಲ್ಲ. ಬೆಳಕು ಹರಿದೊಡನೆ ಕಾಣುತ್ತದೆ. ಆಗ ಗೂಡಿನ ಬಾಗಿಲು ಇನ್ನೂ ಮುಚ್ಚಿರುತ್ತದೆ, ಹೊಸಬಳಿಗೆ ಓಡಿ ತಪ್ಪಿಸಿಕೊಳ್ಳಲು ಒಂದು ಗೇಣು ಜಾಗವೂ ಇರುವುದಿಲ್ಲ. ಬಾಗಿಲು ತೆಗೆದಾಗ ಜುಟ್ಟಿನಿಂದ ರಕ್ತ ಸೋರುವ ಕೋಳಿಯನ್ನು ಕಂಡು ‘ಯಾರದೋ ದೃಷ್ಟಿ ತಾಗಿತು’ ಎಂದು ಮೆಣಸಿನಕಾಯಿ ನಿವಾಳಿಸುವವರಿದ್ದಾರೆ. ಕೋಳಿಯ ಬುದ್ಧಿಯನ್ನು ಕಡೆಗಣಿಸಿದ್ದರಿಂದ ಆದ ಗಾಯವನ್ನು ದೃಷ್ಟಿಯ ತಲೆಗೆ ಕಟ್ಟುವುದು ಎರಡನೆಯ ತಪ್ಪು. ಅದರಿಂದ ಮುಂದಿನ ಸಲವೂ ಅದೇ ಗಾಯವಾಗುತ್ತದೆ.

ಈ ಜಗಳದ ಒಳಗುಟ್ಟನ್ನು ಮೊದಲು ಕಂಡವನು ಒಬ್ಬ ಹುಡುಗ. ನಾರ್ವೆಯ ಥೋರ್ಲೀಫ್ ಶೆಲ್ಡರಪ್-ಎಬ್ಬೆ ಬಾಲ್ಯದಲ್ಲೇ ಕೋಳಿಗಳ ಹುಚ್ಚು ಹತ್ತಿಸಿಕೊಂಡಿದ್ದ. ಯಾವ ಕೋಳಿ ಯಾವುದನ್ನು ಕುಕ್ಕಿತು, ಯಾವುದು ತಿರುಗಿ ಕುಕ್ಕದೆ ಸರಿದುಕೊಂಡಿತು ಎಂದು ವರ್ಷಗಟ್ಟಲೆ ಬರೆದಿಟ್ಟ. 1922ರಲ್ಲಿ ಜರ್ಮನ್ ಭಾಷೆಯಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದ. ಯಾವ ಎರಡು ಹೇಂಟೆಗಳನ್ನು ತೆಗೆದುಕೊಂಡರೂ ಅವುಗಳಲ್ಲಿ ಒಂದು ಮೇಲು, ಇನ್ನೊಂದು ಕೆಳಗು. ಇದು ಎರಡಕ್ಕೂ ಗೊತ್ತು. ಈ ಕುಕ್ಕುವ ಸರದಿಯೇ ಹಿಂಡಿನ ಶಾಂತಿಗೆ ಆಧಾರ. ಸರದಿ ತೀರ್ಮಾನವಾದ ಹಿಂಡಿನಲ್ಲಿ ಹೊಡೆದಾಟ ಅಪರೂಪ, ಒಂದು ನೋಟದಲ್ಲೇ ಕೆಲಸ ಮುಗಿಯುತ್ತದೆ. ಕೆಲವು ಕಡೆ ಸರದಿ ಸುತ್ತು ಹೊಡೆಯುವುದನ್ನೂ ಅವನು ಗಮನಿಸಿದ್ದ: ಮೊದಲನೆಯದು ಎರಡನೆಯದನ್ನು ಕುಕ್ಕುತ್ತದೆ, ಎರಡನೆಯದು ಮೂರನೆಯದನ್ನು, ಮೂರನೆಯದು ತಿರುಗಿ ಮೊದಲನೆಯದನ್ನು. ಆದರೆ ಇಂಥ ಸುತ್ತುಗಳು ಕಡಿಮೆ.

ಆರು ಹೇಂಟೆಗಳ ಹಿಂಡಿನಲ್ಲಿ 15 ಜೋಡಿಗಳಿವೆ, 15 ತೀರ್ಮಾನಗಳು ಆಗಿಹೋಗಿವೆ. ನೀವು ಮೂರು ಎಳೆಯ ಹೇಂಟೆಗಳನ್ನು ತಂದಿರಿ. ಈಗ ಜೋಡಿಗಳು 36. ಹೊಸಬರು ಮೂವರೂ ಒಟ್ಟಿಗೆ ಬೆಳೆದಿದ್ದರೆ ಅವರೊಳಗಿನ ಮೂರು ತೀರ್ಮಾನ ಮುಗಿದಿರುತ್ತದೆ. ಉಳಿದ 18 ಹೊಸದಾಗಿ ಆಗಬೇಕು. ನಾವು ಕ್ರೌರ್ಯವೆಂದು ನೊಂದುಕೊಳ್ಳುವುದು ಈ ಬಾಕಿ ಇರುವ 18 ತೀರ್ಮಾನಗಳನ್ನು. ಒಂದೇ ಒಂದು ಹೇಂಟೆಯನ್ನು ತಂದರೆ ತೀರ್ಮಾನ ಆರೇ, ಆದರೆ ಆರೂ ಕೊಕ್ಕುಗಳಿಗೆ ಗುರಿ ಅದೊಂದೇ. ಹಾಗಾಗಿ ತರುವುದಾದರೆ ಒಂದನ್ನು ತರಬೇಡಿ.

ಇನ್ನು ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವ ಸಂಗತಿ. ಬಲಶಾಲಿ ಮೇಲೆ, ದುರ್ಬಲ ಕೆಳಗೆ, ಅಷ್ಟೇ ತಾನೆ ಎಂದು ನಾವು ಭಾವಿಸುತ್ತೇವೆ. 1951ರಲ್ಲಿ ಎಚ್. ಜಿ. ಲ್ಯಾಂಡೌ ಗಣಿತದಿಂದ ತೋರಿಸಿದ್ದು ಬೇರೆ: ಬರೀ ಬಲದ ವ್ಯತ್ಯಾಸದಿಂದ ಹಿಂಡಿನಲ್ಲಿ ಇಷ್ಟು ನೇರವಾದ, ಸುತ್ತಿಲ್ಲದ ಸರದಿ ಮೂಡುವುದು ಬಹಳ ಕಷ್ಟ. ಹಾಗಾದರೆ ಎಲ್ಲಿಂದ ಬರುತ್ತದೆ? ಅಮೆರಿಕದ ಐವನ್ ಚೇಸ್ 1980ರ ದಶಕದ ಆರಂಭದಲ್ಲಿ ಪರಿಚಯವಿಲ್ಲದ ಮೂರು ಮೂರು ಹೇಂಟೆಗಳನ್ನು ಒಟ್ಟಿಗೆ ಬಿಟ್ಟು, ಯಾವ ಕಾಳಗದ ಹಿಂದೆ ಯಾವುದು ಬಂತೆಂದು ಬರೆದುಕೊಂಡರು. ಕೆಂಪಿ, ಕಾಳಿ, ಗೌರಿ ಎಂಬ ಮೂರು ಹೇಂಟೆಗಳಿವೆ ಎನ್ನೋಣ. ಕೆಂಪಿ ಕಾಳಿಯನ್ನು ಸೋಲಿಸಿತು. ಮುಂದೆ ನಾಲ್ಕು ದಾರಿಗಳಿವೆ. ಕೆಂಪಿಯೇ ಹೋಗಿ ಗೌರಿಯನ್ನೂ ಸೋಲಿಸಬಹುದು. ಗೌರಿ ಬಂದು, ಆಗಲೇ ಸೋತ ಕಾಳಿಯನ್ನು ಸೋಲಿಸಬಹುದು. ಈ ಎರಡರಲ್ಲಿ ಯಾವುದಾದರೂ ಸರಿ, ಉಳಿದ ಮೂರನೆಯ ಕಾಳಗದಲ್ಲಿ ಯಾರು ಗೆದ್ದರೂ ಸುತ್ತು ಉಂಟಾಗುವುದಿಲ್ಲ. ಕಾಗದದ ಮೇಲೆ ಬಾಣ ಹಾಕಿ ನೋಡಿ. ಸುತ್ತು ಹುಟ್ಟಲು ಸಾಧ್ಯವಿರುವುದು ಸೋತ ಕಾಳಿ ಗೌರಿಯನ್ನು ಗೆದ್ದಾಗ, ಇಲ್ಲವೇ ಗೌರಿ ಬಂದು ಗೆದ್ದ ಕೆಂಪಿಯನ್ನು ಮಣಿಸಿದಾಗ ಮಾತ್ರ. ಚೇಸ್ ಕಂಡಂತೆ ಹೇಂಟೆಗಳು ಬಹುಪಾಲು ಮೊದಲ ಎರಡು ದಾರಿಗಳನ್ನೇ ಹಿಡಿಯುತ್ತವೆ. ಗೆದ್ದವಳು ಗೆಲುವಿನ ಬಿಸಿಯಲ್ಲಿ ಮತ್ತೊಬ್ಬಳ ಮೇಲೆ ಬೀಳುತ್ತಾಳೆ. ಸೋತವಳ ಮೇಲೆ ಇನ್ನೊಬ್ಬಳು ಬೀಳುತ್ತಾಳೆ. ಗರಡಿಯಲ್ಲಿ ಮೊದಲ ಪಟ್ಟಿಗೇ ಚಿತ್ ಆದ ಪೈಲ್ವಾನ ಎರಡನೆಯ ಜೋಡಿಗೆ ಅರ್ಧ ಸೋತೇ ಇಳಿಯುವಂತೆ ಇದು. ಹಿಂಡಿನ ಸರದಿಯಲ್ಲಿ ಕೋಳಿಯ ಮೈಬಲದ ಜೊತೆಗೆ ಕಾಳಗಗಳು ಯಾವ ಕ್ರಮದಲ್ಲಿ ನಡೆದವು ಎಂಬುದೂ ಸೇರಿಕೊಂಡಿದೆ.

ಹೇಂಟೆಗಳು ನೋಡಿ ಕಲಿಯುತ್ತವೆ ಕೂಡ. 1996ರಲ್ಲಿ ಹೋಗ್, ಬೋಗ್ರಾಂಡ್ ಮತ್ತು ಲಾಗ್ವೆ ಪ್ರಕಟಿಸಿದ ಪ್ರಯೋಗ ನೋಡಿ. ತನ್ನನ್ನು ಸದಾ ಮಣಿಸುವ ಹೇಂಟೆ ಒಬ್ಬ ಅಪರಿಚಿತಳಿಂದ ಸೋತದ್ದನ್ನು ಕಣ್ಣಾರೆ ಕಂಡ ಹೇಂಟೆ, ಆ ಅಪರಿಚಿತಳ ತಂಟೆಗೆ ಹೋಗಲಿಲ್ಲ. ನನ್ನನ್ನು ಸೋಲಿಸುವವಳನ್ನೇ ಇವಳು ಸೋಲಿಸಿದಳು, ಇವಳ ಜೊತೆ ನನಗೇಕೆ ಎಂಬ ಲೆಕ್ಕ ಅದರ ನಡವಳಿಕೆಯಲ್ಲಿತ್ತು. ಇಂಥ ಜೀವದಿಂದ ಹೊಸಬಳನ್ನು ರಾತ್ರೋರಾತ್ರಿ ಮರೆಮಾಚಬಹುದು ಎಂದುಕೊಳ್ಳುವುದು ಹೇಗೆ?

ಗುರುತು ಹಿಡಿಯುವುದು ಮುಖ್ಯವಾಗಿ ತಲೆ, ಜುಟ್ಟು, ಕತ್ತಿನಿಂದ. 1953ರಲ್ಲಿ ಅಮೆರಿಕದ ಗೂಲ್ ಮತ್ತು ಆರ್ಟ್‌ಮನ್ ಕೋಳಿಗಳ ಗರಿಗೆ ಬಣ್ಣ ಬಳಿದು, ಜುಟ್ಟಿನ ರೂಪ ಬದಲಿಸಿ ನೋಡಿದಾಗ, ತಲೆ ಮತ್ತು ಕತ್ತಿನ ಬದಲಾವಣೆಯೇ ಹೆಚ್ಚು ಗೊಂದಲ ತಂದಿತು. ಪರಿಚಯದ ಕೋಳಿ ಪರಕೀಯಳಾಗಿಬಿಟ್ಟಳು. ಇದರ ಮುಂದುವರಿಕೆಯಾಗಿ ಇನ್ನೊಂದು ವಿಚಿತ್ರ. 2003ರಲ್ಲಿ ಡೀತ್ ಮತ್ತು ಕೀಲಿಂಗ್ ಹತ್ತು ಹೇಂಟೆಗಳ ಹಿಂಡನ್ನೂ 120 ಹೇಂಟೆಗಳ ಹಿಂಡನ್ನೂ ಹೋಲಿಸಿದರು. ಅಪರಿಚಿತಳ ಮೇಲೆ ಎರಗಿದ್ದು ಚಿಕ್ಕ ಹಿಂಡಿನವು. ದೊಡ್ಡ ಹಿಂಡಿನಲ್ಲಿ ಯಾರು ನೆಂಟರು, ಯಾರು ಹೊರಗಿನವರು ಎಂದು ಹೇಂಟೆ ಲೆಕ್ಕವಿಡುವುದಿಲ್ಲ. ಹಿತ್ತಲ ಎಂಟು ಕೋಳಿಗಳು ಒಂದನ್ನೊಂದು ಚೆನ್ನಾಗಿ ಬಲ್ಲವು; ಹೊಸಬಳಿಗೆ ಪೆಟ್ಟು ಬೀಳುವುದು ಅದಕ್ಕೇ.

ಒಂದು ಕಾಳಗವನ್ನು ಹತ್ತಿರದಿಂದ ನೋಡಿ. ಎರಡೂ ಎದುರುಬದುರು ನಿಲ್ಲುತ್ತವೆ, ಕತ್ತು ಉದ್ದವಾಗುತ್ತದೆ, ಕತ್ತಿನ ಗರಿಗಳು ನಿಮಿರಿ ಅರಳುತ್ತವೆ. ಒಂದು ಹಾರಿ ಎದೆಗೆ ಗುದ್ದುತ್ತದೆ, ತಲೆಗೆ ಕುಕ್ಕುತ್ತದೆ. ಇನ್ನೊಂದು ತಲೆ ತಗ್ಗಿಸಿ, ಗರಿ ಮುದುರಿ, ಓರೆಯಾಗಿ ಸರಿದು ಓಡುತ್ತದೆ. ಗೆದ್ದದ್ದು ನಾಲ್ಕು ಹೆಜ್ಜೆ ಅಟ್ಟಿ, ನಿಂತು, ಏನೂ ಆಗದಂತೆ ನೆಲ ಕೆದಕುತ್ತದೆ. ಓಡಿಹೋಗುವುದೇ ಇಲ್ಲಿ ಶರಣಾಗತಿ. ಓಡಲು ಜಾಗವಿಲ್ಲದಿದ್ದರೆ ಸೋತವಳು ಸೋತೆನೆಂದು ಹೇಳುವ ಬಗೆಯೇ ಇಲ್ಲ, ಆದ್ದರಿಂದ ಕುಕ್ಕುವುದು ನಿಲ್ಲುವುದಿಲ್ಲ. ಇಕ್ಕಟ್ಟಾದ ಗೂಡಿನಲ್ಲಿ ಸಾವಿನವರೆಗೆ ಹೋಗುವ ಜಗಳ ಬಯಲಿನಲ್ಲಿ ಅರೆ ನಿಮಿಷಕ್ಕೆ ತೀರುವುದು ಇದರಿಂದ. ಕೋಲು ಹಿಡಿದು ಪ್ರತಿ ಸಲವೂ ಬಿಡಿಸಲು ಓಡುವವರು ತೀರ್ಮಾನವನ್ನು ಮುಂದೂಡುತ್ತಾರೆ, ಅಷ್ಟೇ. ಮಾರನೆಯ ದಿನ ಅದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ರಕ್ತ ಕಂಡರೆ ಮಾತ್ರ ತಡಮಾಡದೆ ಗಾಯಗೊಂಡ ಕೋಳಿಯನ್ನು ಬೇರೆ ಮಾಡಬೇಕು. ಕೆಂಪು ಗಾಯ ಮಿಕ್ಕೆಲ್ಲ ಕೊಕ್ಕುಗಳನ್ನೂ ಎಳೆಯುತ್ತದೆ.

ಇಷ್ಟು ತಿಳಿದ ಮೇಲೆ ಮಾಡಬೇಕಾದ ಕೆಲಸ ತಾನಾಗಿ ಹೊಳೆಯುತ್ತದೆ. ಎಲ್ಲಕ್ಕಿಂತ ಮೊದಲು, ತಂದ ಕೋಳಿಗಳನ್ನು ಮೂರು ನಾಲ್ಕು ವಾರ ದೂರದಲ್ಲಿ ಬೇರೆಯಾಗಿ ಇಡಿ; ಕೊಕ್ಕರೆ ರೋಗ (ರಾಣಿಖೇತ್) ಹೊರಗಿನಿಂದ ತಂದ ಕೋಳಿಯ ಜೊತೆಗೇ ಬರುತ್ತದೆ, ನಿಮ್ಮ ಚಪ್ಪಲಿಗೆ ಮೆತ್ತಿದ ಹಿಕ್ಕೆಯಲ್ಲೂ ಬರುತ್ತದೆ. ಲಸಿಕೆ ಹಾಕಿಸಿದ್ದಾರೆಯೇ ಎಂದು ತರುವಾಗಲೇ ಕೇಳಿ. ಆಮೇಲೆ ತಂತಿ ಬಲೆಯ ಆಚೆ ಈಚೆ ಒಂದೆರಡು ವಾರ. ಕತ್ತೆತ್ತುವುದು, ಹೆದರಿಸುವುದು, ಹಿಂದೆ ಸರಿಯುವುದು ಎಲ್ಲವೂ ಬಲೆಯ ಮೂಲಕವೇ ನಡೆಯುತ್ತದೆ, ಮುಖ ಪರಿಚಯವಾಗುತ್ತದೆ, ಪೆಟ್ಟು ಮಾತ್ರ ಬೀಳುವುದಿಲ್ಲ. ಮಂಕರಿ ಕವುಚಿಟ್ಟು ಎರಡು ದಿನ ಹಿತ್ತಲಲ್ಲಿ ಇಡುವ ನಮ್ಮ ಹಳ್ಳಿಯ ರೂಢಿಯಲ್ಲಿ ಈ ತಿಳಿವಳಿಕೆಯ ಬೀಜವಿದೆ, ಎರಡು ದಿನ ಸಾಲದು. ನಂತರ ಹಿಂಡಿನಲ್ಲಿ ಕೆಳಗಿರುವ ಒಂದು ಸೌಮ್ಯ ಹೇಂಟೆಯನ್ನು ಹೊಸಬರ ಜೊತೆಗೆ ಬಿಡಿ; ಮೊದಲ ಕಾಳಗವೇ ಹಿರಿಯಳೊಂದಿಗೆ ಆಗದಿರಲಿ. ಎಲ್ಲವನ್ನೂ ಕೂಡಿಸುವ ದಿನ ಬಯಲಿನಲ್ಲಿ ಕೂಡಿಸಿ. ಒಡೆದ ಬುಟ್ಟಿ, ಒರಗಿಸಿದ ಹಲಗೆ, ಸೌದೆ ರಾಶಿ, ಹೀಗೆ ಮರೆಯಾಗುವ ಮೂಲೆಗಳಿರಲಿ. ಕಾಳು, ನೀರು ಎರಡು ಮೂರು ಕಡೆ ಇಡಿ.

ಗಾತ್ರದ ಬಗ್ಗೆಯೂ ಒಂದು ತಪ್ಪು ನಂಬಿಕೆಯಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಹೇಂಟೆ ನಾಟಿ ಕೋಳಿಗಿಂತ ಎಷ್ಟೋ ದಪ್ಪ, ಅದಕ್ಕೆ ಯಾರ ಭಯ ಎನ್ನುತ್ತಾರೆ. ನಿಕೊಲಾಸ್ ಕೋಲಿಯಾಸ್ 1943ರಲ್ಲಿ ಗೆಲುವಿನ ಕಾರಣಗಳ ಲೆಕ್ಕ ಹಾಕಿದಾಗ ತೂಕಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಜುಟ್ಟಿನ ಗಾತ್ರ, ಗರಿ ಉದುರುವ ಕಾಲ ಅಲ್ಲದಿರುವುದು. ಜುಟ್ಟು ಬೆಳೆಯುವುದು ಗಂಡು ಹಾರ್ಮೋನಿನಿಂದ. ಅದು ಹೇಂಟೆಯಲ್ಲೂ ಇದೆ. 1939ರಲ್ಲಿ ಆಲೀ ಮತ್ತು ಸಂಗಡಿಗರು ಕೆಳಗಿನ ಹೇಂಟೆಗಳಿಗೆ ಟೆಸ್ಟೋಸ್ಟೆರಾನ್ ಎಂಬ ಆ ಹಾರ್ಮೋನನ್ನು ಚುಚ್ಚಿದಾಗ ಅವುಗಳ ಜುಟ್ಟು ಬೆಳೆದು, ಅವು ಸರದಿಯಲ್ಲಿ ಮೇಲೇರಿದವು. ಹೇಂಟೆಯೊಂದು ಹುಂಜದಂತೆ ಕೂಗಿದರೆ ಅಪಶಕುನವೆಂದು ಕೊಯ್ಯುವ ಮನೆಗಳು ಇಂದಿಗೂ ಇವೆ. ಹೇಂಟೆಯಲ್ಲಿ ಎಡಗಡೆಯ ಅಂಡಾಶಯ ಮಾತ್ರ ಕೆಲಸ ಮಾಡುತ್ತದೆ. ಅದು ಹಾಳಾದರೆ ಗಂಡು ಲಕ್ಷಣಗಳು ತಲೆಯೆತ್ತಬಹುದು. ಇದು ದೇಹದೊಳಗಿನ ರಸಾಯನ, ಮನೆಯ ಭವಿಷ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. 1474ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಮೊಟ್ಟೆಯಿಟ್ಟಿತೆಂಬ ಆರೋಪದ ಮೇಲೆ ಒಂದು ಹುಂಜವನ್ನು ವಿಚಾರಣೆ ನಡೆಸಿ ಸುಟ್ಟರು. ಆ ಭಯ ನಮ್ಮ ಹಿತ್ತಲಲ್ಲಿ ಉಳಿಯಲು ಈಗ ಕಾರಣವಿಲ್ಲ.

ಎಳೆಯ ಹೇಂಟೆಯ ಜುಟ್ಟು ಕೆಂಪೇರಿ ಮೊಟ್ಟೆಗೆ ಬರುವ ಕಾಲದಲ್ಲಿ ಹಿಂಡು ಇನ್ನೊಮ್ಮೆ ಕಲಕುತ್ತದೆ. ಅಲ್ಲಿಯವರೆಗೆ ತಗ್ಗಿ ನಡೆದವಳು ಈಗ ಎದುರು ನಿಲ್ಲುತ್ತಾಳೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಆಗ ಮಧ್ಯೆ ಹೋಗಬೇಡಿ.

ಮೇವಿನ ವಿಷಯದಲ್ಲಿ ಮಾತ್ರ ನೀವು ಮಧ್ಯೆ ಹೋಗಲೇಬೇಕು. ಮೊಟ್ಟೆಯಿಡುವ ಕೋಳಿಗಳ ಆಹಾರದಲ್ಲಿ ಶೇ. 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಬೆಳೆಯುವ ಹೇಂಟೆಗೆ ಸುಮಾರು ಶೇ. 1 ಸಾಕು, ಹೆಚ್ಚಾದದ್ದು ಅದರ ಮೂತ್ರಪಿಂಡವನ್ನು ಕೆಡಿಸುತ್ತದೆ. ಎರಡು ವಯಸ್ಸಿನವು ಒಂದೇ ತಟ್ಟೆಯಲ್ಲಿ ತಿನ್ನುವಾಗ ಎಲ್ಲಕ್ಕೂ ಬೆಳೆಯುವ ಕೋಳಿಯ ಆಹಾರವನ್ನೇ ಹಾಕಿ, ಕಪ್ಪೆಚಿಪ್ಪಿನ ನುಚ್ಚನ್ನು ಬೇರೆ ಬಟ್ಟಲಲ್ಲಿ ಇಡಿ. ಮೊಟ್ಟೆಯಿಡುವವು ತಮಗೆ ಬೇಕಾದಷ್ಟನ್ನು ಅದರಿಂದ ಆರಿಸಿ ತಿನ್ನುತ್ತವೆ.